ಬೆಳಗಿನ ಪರಿಚಯ ಬರಹ: ಪೋಷಕರಿಗೆ ಪತ್ರ

ಎಂಟು, ಒಂಬತ್ತು, ಹತ್ತನೇ ತರಗತಿ ಮಕ್ಕಳ ತಂದೆ ತಾಯಂದಿರಿಗೆ ನಮಸ್ಕಾರ.

ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಂದು ಮಗು, ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಾಧಕರೊಬ್ಬರ ಬಗ್ಗೆ ಬರೆದು ಓದುತ್ತಿದೆ. ಪರೀಕ್ಷೆಗೆ ಬರದ್ದು ಯಾಕೆ ಎಂದು ಕೆಲವರು ಕೇಳಿದ್ದೀರಿ. ಐದು ನಿಮಿಷದ ಕೆಲಸ, ಪಾಠದ ಹೊತ್ತು ಹೋಗುವುದಿಲ್ಲ. ಆದರೆ "ಡಿವಿಜಿ, ಮಾಸ್ತಿ, ವಿಶ್ವೇಶ್ವರಯ್ಯನವರನ್ನೇ ಬೇಡ ಅಂತೀರಲ್ಲ" ಎಂಬ ಮಾತಿಗೆ ವಿವರವಾಗಿ ಉತ್ತರ ಕೊಡಲೇಬೇಕು.

ಅವರು ಬೇಡ ಅಂತಲ್ಲ. ಮುಳಬಾಗಿಲಿನ ಡಿವಿಜಿ, ಮಾಲೂರು ತಾಲ್ಲೂಕಿನ ಮಾಸ್ತಿ ನಮ್ಮ ಜಿಲ್ಲೆಯವರೇ. ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿಯೂ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇತ್ತು. ಅವರ ಫೋಟೊ ನಮ್ಮ ಗೋಡೆಯ ಮೇಲಿವೆ, ಅವರ ಬರಹ ಪಾಠದಲ್ಲಿ ಬರುತ್ತದೆ. ಅವರ ಬಗ್ಗೆ ಬರೆ ಅಂದರೆ ಮಗು ಹುಡುಕುವುದಿಲ್ಲ, ಗೈಡ್‌ನಲ್ಲಿರುವ ಪ್ರಬಂಧ ನೋಡಿ ಬರೆದುಬಿಡುತ್ತದೆ. ನಮಗೆ ಬೇಕಿರುವುದು ಹುಡುಕಾಟ.

ಹೋದ ವಾರ ಒಂಬತ್ತನೇ ತರಗತಿಯ ಹುಡುಗಿ ಬಿಭಾ ಚೌಧುರಿ ಬಗ್ಗೆ ಓದಿದಳು. 1913ರಲ್ಲಿ ಹುಟ್ಟಿದ ಭೌತವಿಜ್ಞಾನಿ. ಎಂ.ಎಸ್ಸಿ. ತರಗತಿಯಲ್ಲಿ ಇವರೊಬ್ಬರೇ ಹೆಣ್ಣುಮಗಳು. ಭೌತವಿಜ್ಞಾನಿ ಡಿ.ಎಂ. ಬೋಸ್ ಅವರ ಜೊತೆ ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ ಫೋಟೊ ಪ್ಲೇಟುಗಳನ್ನಿಟ್ಟು, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಅದರಲ್ಲಿ ಬಿಟ್ಟ ಗೆರೆಗಳಲ್ಲಿ ಹೊಸ ಕಣದ ಗುರುತು ಹುಡುಕಿದರು. ಮಹಾಯುದ್ಧದ ಕಾಲ, ಒಳ್ಳೆಯ ಪ್ಲೇಟು ಸಿಗಲಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಮುಂದೆ ಸುಧಾರಿಸಿದ ಪ್ಲೇಟುಗಳಿಂದ ಅದೇ ದಾರಿಯಲ್ಲಿ ಹೋದ ಬ್ರಿಟನ್ನಿನ ವಿಜ್ಞಾನಿ ಸೆಸಿಲ್ ಪೊವೆಲ್ ಅವರಿಗೆ 1950ರ ನೊಬೆಲ್ ಬಂತು. ಬಿಭಾ ಬೇಸತ್ತು ಬಿಡಲಿಲ್ಲ. ಕೋಲಾರದ ಚಿನ್ನದ ಗಣಿಯಾಳದಲ್ಲಿ ನಡೆದ ಪ್ರಯೋಗಗಳಲ್ಲೂ ಕೆಲಸ ಮಾಡಿದರು. 2019ರಲ್ಲಿ ಒಂದು ನಕ್ಷತ್ರಕ್ಕೆ ಅವರ ಹೆಸರಿಟ್ಟರು.

ಕೆಜಿಎಫ್ ಕಡೆಯಿಂದ ಬರುವ ಮಕ್ಕಳ ಮುಖ ನೀವು ನೋಡಬೇಕಿತ್ತು. ತಾತಂದಿರು ದುಡಿದ ಗಣಿಯಲ್ಲಿ ಚಿನ್ನ ಬಿಟ್ಟು ಬೇರೇನನ್ನೋ ಹುಡುಕಿದವರೂ ಇದ್ದರು ಅಂತ ಅವರಿಗೆ ಗೊತ್ತೇ ಇರಲಿಲ್ಲ. "ಗಣಿಯೊಳಗೆ ಯಾಕೆ ಮಿಸ್?" ಎಂದು ಕೇಳಿದರು. ಮೇಲಿನ ಕಲ್ಲು ಮಣ್ಣು ಉಳಿದ ಕಣಗಳನ್ನೆಲ್ಲ ತಡೆಯುತ್ತದೆ, ಅಷ್ಟು ದಾಟಿ ಬರುವುದು ಯಾವುದು ಅಂತ ನೋಡಬಹುದು ಎಂದು ವಿಜ್ಞಾನದ ಮೇಷ್ಟ್ರು ವಿವರಿಸಿದರು. ಇದಲ್ವಾ ಪಾಠ?

ಇನ್ನೊಬ್ಬ ಹುಡುಗ, ಕಾಲರಾದ ವಿಷವನ್ನು 1959ರಲ್ಲಿ ಪತ್ತೆಹಚ್ಚಿದ ಕೋಲ್ಕತ್ತದ ಶಂಭುನಾಥ ಡೇ ಅವರನ್ನು ಆರಿಸಿಕೊಂಡ. ಮತ್ತೊಬ್ಬಳು ನಂಜನಗೂಡಿನ ತಿರುಮಲಾಂಬ ಅವರನ್ನು. ಡಿವಿಜಿ ಹುಟ್ಟಿದ 1887ರಲ್ಲೇ ಹುಟ್ಟಿದವರು, ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಕಾದಂಬರಿ ಬರೆದು ತಾವೇ ಪ್ರಕಟಿಸಿದವರು.

ಮತ್ತೆ ಹೇಳುತ್ತೇನೆ, ದೊಡ್ಡವರಿಗೆ ಇದರಿಂದ ಅಗೌರವವಿಲ್ಲ. ಅವರ ಜಯಂತಿಗಳಂದು ಅವರ ಬಗ್ಗೆಯೇ ಓದಿಸುತ್ತೇವೆ. ಎಸ್ಸೆಸ್ಸೆಲ್ಸಿ ಮಕ್ಕಳ ಒತ್ತಡ ನಮಗೂ ಗೊತ್ತು, ಡಿಸೆಂಬರ್ ನಂತರ ಅವರು ಬರೆಯಬೇಕಿಲ್ಲ. ಉಳಿದ ದಿನಗಳಲ್ಲಿ ಮಾತ್ರ, ಹೆಚ್ಚು ಜನಕ್ಕೆ ಗೊತ್ತಿಲ್ಲದವರ ಬಗ್ಗೆಯೇ ಬರೆಯಬೇಕು ಎಂಬ ನಿಯಮ ಬದಲಾಗುವುದಿಲ್ಲ.

ದಯವಿಟ್ಟು ಅಂಗಡಿಯಿಂದ ಪ್ರಿಂಟ್ ತೆಗೆಸಿ ಕೊಡಬೇಡಿ, ಮಗುವೇ ಬರೆಯಲಿ.

ನಿಮ್ಮ ಮಗು ಓದುವ ದಿನ ಡೈರಿಯಲ್ಲಿ ತಿಳಿಸುತ್ತೇವೆ. ಬಿಡುವಿದ್ದರೆ ಬೆಳಗ್ಗೆ ಬಂದು ಕೇಳಿ.

ಇಂತಿ,
ಮುಖ್ಯ ಶಿಕ್ಷಕಿ