ಮಂಜನಿಗೆ, ಕಿಡ್ನಿ ಕಲ್ಲಿನ ನೆಪದಲ್ಲಿ

ಮಂಜಾ,

ಕಲ್ಲು ಬಿತ್ತು ಅಂತ ಅತ್ತಿಗೆ ಫೋನ್ ಮಾಡಿ ಹೇಳಿದ್ರು. ಆವತ್ತು ರಾತ್ರಿ ಆಟೋದಲ್ಲಿ ಮಂಡಿ ಮಡಚಿ ಮುದುರಿಕೊಂಡು, ನನ್ನ ಮಣಿಕಟ್ಟು ಹಿಸುಕುತ್ತಾ, 'ನೋವು ಅನ್ನೋದೇ ಇಲ್ದೆ ಹುಟ್ಟಿಸಬಾರದಿತ್ತಾ ದೇವರು' ಅಂದೆಯಲ್ಲ, ಹಾಗೆ ಹುಟ್ಟಿದವರಿದ್ದಾರೆ ಕಣೋ. ಆಗಲೇ ಹೇಳಿದ್ದರೆ ಒದೀತಿದ್ದೆ, ಅದಕ್ಕೇ ಈಗ ಬರೀತಿದ್ದೀನಿ.

ಉತ್ತರ ಪಾಕಿಸ್ತಾನದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಬೀದಿಯಲ್ಲಿ ಆಟ ತೋರಿಸುತ್ತಿದ್ದ. ತೋಳಿಗೆ ಚೂರಿ ಚುಚ್ಚಿಕೊಳ್ಳೋದು, ಕೆಂಡದ ಮೇಲೆ ನಡೆಯೋದು. ನಮ್ಮೂರಲ್ಲಿ ಕೊಂಡ ಹಾಯ್ತಾರಲ್ಲ, ಹಾಗೆ ಹರಕೆ-ಗಿರಕೆ ಏನಿಲ್ಲ. ಅವನಿಗೆ ನೋವೇ ಗೊತ್ತಿರಲಿಲ್ಲ. ಅಲ್ಲಿನ ಆಸ್ಪತ್ರೆಯವರಿಗೆ ಅವನು ಚೆನ್ನಾಗಿ ಪರಿಚಯ. ಸಂಶೋಧಕರು ಅವನನ್ನು ನೋಡೋ ಹೊತ್ತಿಗೆ ಮನೆ ತಾರಸಿಯಿಂದ ಜಿಗಿದು ಸತ್ತಿದ್ದ. ವಯಸ್ಸು 14.

ಅಂಥವೇ 6 ಮಕ್ಕಳು ಮೂರು ಕುಟುಂಬಗಳಲ್ಲಿ ಸಿಕ್ಕವು. ಎಲ್ಲರಿಗೂ ತುಟಿ ಇಲ್ಲವೇ ನಾಲಿಗೆ ಮೇಲೆ ಗಾಯದ ಗುರುತು, ಎಳವೆಯಲ್ಲಿ ತಾವೇ ಕಚ್ಚಿಕೊಂಡದ್ದು. ಕೆಲವರಿಗೆ ನಾಲಿಗೆ ತುದಿಯೇ ಇಲ್ಲ. ಮೂಳೆ ಮುರಿದರೂ ಅಳು ಇಲ್ಲ; ಕುಂಟೋದು ಕಣ್ಣಿಗೆ ಬಿದ್ದಮೇಲೇ ಮನೆಯವರಿಗೆ ಅನುಮಾನ. ಹಾಗಂತ ಮೈ ಮರಗಟ್ಟಿಲ್ಲ. ಮುಟ್ಟಿದರೆ ಗೊತ್ತಾಗುತ್ತೆ, ಬಿಸಿ-ತಣ್ಣಗೆ ಗೊತ್ತಾಗುತ್ತೆ, ಕಚಗುಳಿಯೂ ಆಗುತ್ತೆ!

2006ರಲ್ಲಿ ಕಾರಣ ಸಿಕ್ಕಿತು: ಎಸ್‌ಸಿಎನ್9ಎ ಅನ್ನೋ ಜೀನ್. ನೋವಿನ ನರಗಳಲ್ಲಿ ಸೋಡಿಯಂ ಒಳನುಗ್ಗೋಕೆ ಒಂದು ಬಾಗಿಲಿರುತ್ತೆ, ಅದನ್ನ ತಯಾರಿಸೋದು ಈ ಜೀನ್. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂತೋ, ಬಾಗಿಲು ಕೆಲಸ ಮಾಡೊಲ್ಲ, ಮಿದುಳಿಗೆ ಸುದ್ದಿ ಮುಟ್ಟೊಲ್ಲ. ಹತ್ತಿರದ ಸಂಬಂಧದಲ್ಲೇ ಕೊಟ್ಟು ತಂದರೆ ಈ ಸಂಭವ ಜಾಸ್ತಿ. (ಅಕ್ಕನ ಮಗಳನ್ನೇ ತಂದುಕೊಳ್ಳೋ ನಮ್ಮವರಿಗೂ ಈ ಮಾತು ಕೇಳಿಸಲಿ.) ಮೂಗಿನ ನರಕ್ಕೂ ಅದೇ ಬಾಗಿಲು ಬೇಕಂತೆ. ಹಾಗಾಗಿ ಅವರಿಗೆ ಮಲ್ಲಿಗೆಯೂ ಇಲ್ಲ, ಒಗ್ಗರಣೆಯೂ ಇಲ್ಲ. ನನಗಂತೂ ಹೊಟ್ಟೆ ಚುರ್ ಅಂದಿದ್ದು ಇದನ್ನ ಓದಿದಾಗಲೇ.

ಅದೇ ಬಾಗಿಲು ಸುಮ್ಮಸುಮ್ಮನೆ ತೆರೆದುಕೊಳ್ಳೋ ಹಾಗೆ ಕೆಟ್ಟಿದ್ದರೆ ಎರಿತ್ರೊಮೆಲಾಲ್ಜಿಯಾ ಅನ್ನೋ ಕಾಯಿಲೆ. ಸ್ವಲ್ಪ ಸೆಕೆಯಾದರೆ ಸಾಕು, ಪಾದ ಕೆಂಪೇರಿ ಧಗಧಗ ಉರಿ. ತಣ್ಣೀರಲ್ಲಿ ಕಾಲಿಟ್ಟುಕೊಂಡು ಕೂರಬೇಕು. ಈ ಬಾಗಿಲಿನ ದಾಯಾದಿಯೊಂದನ್ನ ಮುಚ್ಚಿ ನೋವಿಳಿಸೋ ಸುಜೆಟ್ರಿಜಿನ್ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅಫೀಮಿನ ಜಾತಿಯದಲ್ಲ ಅನ್ನೋದೇ ಅದರ ದೊಡ್ಡ ಗುಣ.

ಇನ್ನೊಂದು ಹೇಳಲೇಬೇಕು. ಆ ಮಕ್ಕಳಲ್ಲಿ ದೊಡ್ಡವರು ಫುಟ್‌ಬಾಲ್ ಆಡುವಾಗ ಏಟು ಬಿದ್ದರೆ ನೋವಾದವರ ಹಾಗೆ ನಟಿಸ್ತಿದ್ದರಂತೆ. ಎಲ್ಲಿ 'ಅಯ್ಯೋ' ಅನ್ನಬೇಕು ಅಂತ ಪಕ್ಕದವರನ್ನ ನೋಡಿ ನೋಡಿ ಕಲಿತಿರಬೇಕು. ಲೆಕ್ಕದ ಪರೀಕ್ಷೆ ದಿನ ಹೊಟ್ಟೆ ಹಿಡ್ಕೊಂಡು ಹೊರಳಾಡ್ತಿದ್ದೆಯಲ್ಲ, ನೆನಪಾಯ್ತು. ನೋವು ಗೊತ್ತಿದ್ದೂ ನಿನ್ನ ನಟನೆ ಅಷ್ಟು ಕಳಪೆ!

ಕಲ್ಲನ್ನ ಕುಂಕುಮದ ಡಬ್ಬಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸ್ತಿದ್ದೀಯಂತೆ. ಭಾನುವಾರ ಬರ್ತೀನಿ, ಅಲ್ಲಿವರೆಗೆ ಎಸೀಬೇಡ. ನೀರು ಕುಡೀತಿರು.

ನಿನ್ನ
ಶಿವು