ಆಮೇಲೆ ಬರ್ತೀನಿ ಅನ್ನಬೇಡ, ಈ ದಸರಾಕ್ಕೇ ಬಾ

ಪ್ರೀತಿಯ ಗೆಳೆಯಾ,

ಆವೆರ್ ಮಾಬಿಲ್ ಹೆಸರು ಕೇಳಿದ್ದೀಯಾ? ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ. ನೀನು ವಾಲಿಬಾಲ್ ಬಿಟ್ಟು ಬೇರೆ ಆಟ ಅಷ್ಟಾಗಿ ನೋಡುವವನಲ್ಲ, ಗೊತ್ತು. ಆದರೂ ಇವನ ಕಥೆ ನಿನಗೆ ಹೇಳಲೇಬೇಕು ಮಾರಾಯಾ.

ಅವನು ಹುಟ್ಟಿದ್ದು 1995ರಲ್ಲಿ, ಕೀನ್ಯಾದ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ. ಸುಡಾನಿನ ಯುದ್ಧದಿಂದ ಜೀವ ಉಳಿಸಿಕೊಂಡು ಮನೆಯವರು ಗಡಿ ದಾಟಿ ಬಂದಿದ್ದರು. ಮಣ್ಣಿನ ಗುಡಿಸಲು, ಅಳೆದು ಕೊಡುವ ರೇಷನ್. ಅಲ್ಲೇ ಬರಿಗಾಲಲ್ಲಿ ಚೆಂಡು ಒದೆಯುತ್ತ ಬೆಳೆದ. 2006ರಲ್ಲಿ ಆಸ್ಟ್ರೇಲಿಯಾ ಆ ಕುಟುಂಬಕ್ಕೆ ನೆಲೆ ಕೊಟ್ಟಿತು. ಮುಂದೆ ಅಡಿಲೇಡ್ ಯುನೈಟೆಡ್ ಕ್ಲಬ್, ಆಮೇಲೆ ಡೆನ್ಮಾರ್ಕಿನ ಕ್ಲಬ್. 2018ರಲ್ಲಿ ಕುವೈತ್ ಎದುರು ದೇಶದ ಪರ ಮೊದಲ ಪಂದ್ಯ, ಅದರಲ್ಲೇ ಒಂದು ಗೋಲು.

2022ರ ಜೂನ್‌ನಲ್ಲಿ ಕತಾರ್‌ನಲ್ಲಿ ಪೆರು ವಿರುದ್ಧ ಆಡಿದ ಪಂದ್ಯವಂತೂ ನೀನು ನೋಡಲೇಬೇಕು. ಗೆದ್ದವರಿಗೆ ವಿಶ್ವಕಪ್‌ನಲ್ಲಿ ಆಡುವ ಅವಕಾಶ. ಪೆನಾಲ್ಟಿವರೆಗೂ ಹೋಯಿತು. ಆರನೇ ಪೆನಾಲ್ಟಿ ಒದೆಯಲು ಬಂದವನು ಇವನೇ. ಗೋಲು! ತನ್ನ ಕುಟುಂಬದ ಪರವಾಗಿ ಆಸ್ಟ್ರೇಲಿಯಾಕ್ಕೆ ಥ್ಯಾಂಕ್ಸ್ ಹೇಳಲು ತನಗಿದ್ದ ದಾರಿ ಅದೊಂದೇ ಎಂದು ಆಮೇಲೆ ಹೇಳಿದ.

ಆದರೆ ನಾನು ಪತ್ರ ಬರೆಯುತ್ತಿರುವುದು ಆ ಗೋಲಿಗಾಗಿ ಅಲ್ಲ. ಸಹೋದರನ ಜೊತೆ ಸೇರಿ ಅವನು ‘ಬೇರ್‌ಫುಟ್ ಟು ಬೂಟ್ಸ್’ ಶುರು ಮಾಡಿದ್ದು 2014ರಲ್ಲಿ. ಆಗಿನ್ನೂ ಅವನಿಗೆ ಇಪ್ಪತ್ತು ತುಂಬಿರಲಿಲ್ಲ, ದೇಶದ ತಂಡದ ಜರ್ಸಿ ಸಿಗಲು ಇನ್ನೂ ನಾಲ್ಕು ವರ್ಷ ಇತ್ತು. ಕಾಕುಮಾದ ಮಕ್ಕಳಿಗೆ ಬೂಟು ತಲುಪಿಸುವುದರಿಂದ ಶುರುವಾದ ಕೆಲಸ, ಮುಂದೆ ಓದು, ಆರೋಗ್ಯ, ಹೆಣ್ಣುಮಕ್ಕಳ ಅವಕಾಶಗಳವರೆಗೆ ಬೆಳೆಯಿತು. ದೊಡ್ಡವನಾದ ಮೇಲೆ ಮಾಡೋಣ ಅಂತ ಅವನು ಕಾಯಲಿಲ್ಲ ನೋಡು.

ನೀನು ಮಾತ್ರ ಫೋನ್ ಮಾಡಿದಾಗಲೆಲ್ಲ ‘ರಿಟೈರ್ ಆದ ಮೇಲೆ ಊರಿಗೆ ಬಂದು ಮಕ್ಕಳಿಗೆ ವಾಲಿಬಾಲ್ ಹೇಳಿಕೊಡ್ತೀನಿ’ ಅಂತೀಯ.

ಮುಳುಗಡೆಯೂ ಯುದ್ಧವೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಹಿನ್ನೀರಿಗೆ ಗದ್ದೆ, ಮನೆ ಬಿಟ್ಟು ನಿಮ್ಮಜ್ಜ ಲಾರಿ ಹತ್ತಿದ್ದು, ಕಾಡಿನ ನಡುವೆ ಇಳಿದು ಹೊಸದಾಗಿ ನೆಲ ಹಸನು ಮಾಡಿದ್ದು ನೀನೇ ಹೇಳಿದ ಕಥೆ. ಅಂಥ ಮನೆಗಳ ಮೊಮ್ಮಕ್ಕಳು, ಮರಿಮಕ್ಕಳು ಈಗ ಸಾಗರದ ಹಾಸ್ಟೆಲ್‌ನಲ್ಲಿದ್ದಾರೆ. ಹಲವರ ಮನೆಯಲ್ಲಿ ಇಂದಿಗೂ ಹಕ್ಕುಪತ್ರದ ಚಿಂತೆ ಮುಗಿದಿಲ್ಲ. ಸಂಜೆಯಾದರೆ ರಾಡಿ ನೆಲದಲ್ಲೇ ನೆಟ್ ಕಟ್ಟಿ ಆಡುತ್ತಾರೆ. ಒಬ್ಬಳು ಹುಡುಗಿ ಎಂಥ ಸ್ಮ್ಯಾಶ್ ಹೊಡೀತಾಳೆ ಗೊತ್ತಾ! ಹತ್ತನೇ ಕ್ಲಾಸ್ ಆದ ಮೇಲೆ ಆಟ ಸಾಕು ಅಂತ ಅವಳ ಅಮ್ಮ ಹೇಳಿಬಿಟ್ಟಿದ್ದಾರೆ.

ಶೂ, ಚೆಂಡು ನಾವು ಹೇಗೋ ಹೊಂದಿಸುತ್ತೇವೆ. ಸೆಲೆಕ್ಷನ್‌ಗೆ ಹೇಗೆ ತಯಾರಾಗಬೇಕು, ಸೋತು ಬಂದ ಮೇಲೆ ಮತ್ತೆ ಹೇಗೆ ಗ್ರೌಂಡಿಗೆ ಇಳಿಯಬೇಕು ಅನ್ನುವುದನ್ನು ಹೇಳಲು ಆ ದಾರಿಯಲ್ಲಿ ನಡೆದವರೇ ಬೇಕು. ಹೊನಲು ಬೆಳಕಿನ ಪಂದ್ಯಗಳಲ್ಲಿ ಆಡಿ ಆಡಿಯೇ ಬೆಂಗಳೂರಲ್ಲಿ ನೌಕರಿ ಹಿಡಿದವನು ನೀನು. ಆ ಅಮ್ಮ ನನ್ನ ಮಾತು ಕೇಳುವುದಿಲ್ಲ. ನಿನ್ನ ಮಾತಾದರೆ ಕೇಳಬಹುದು, ನಿಮ್ಮ ಕಡೆಯವರೇ ಅಲ್ವಾ?

ದಸರಾ ರಜೆಗೆ ಬಾ. ಮಂಡಿನೋವು ಇದ್ದರೆ ನೀನು ಹಾರುವುದೇನೂ ಬೇಡ, ಸರ್ವ್ ಮಾಡುವುದು ತೋರಿಸು. ಒಂದು ದಿನ ಆ ಹುಡುಗಿಯ ಮನೆಗೆ ಹೋಗಿ ಬರೋಣ. ಯಾವ ದಿನ ಬರುತ್ತೀಯ ಅಂತ ಈ ವಾರವೇ ತಿಳಿಸು. ಮಕ್ಕಳು ರಜೆಗೆ ಊರಿಗೆ ಹೊರಡುವ ಮೊದಲೇ ಅವರಿಗೆ ಹೇಳಬೇಕು.

ನಿನ್ನ ಗೆಳೆಯ,
ಸಾಗರದಿಂದ