ಆಂಡ್ರಿಶ್ ಬಗ್ಗೆಯೂ ನಾಲ್ಕು ಸಾಲು ಬರಲಿ

ಸಂಪಾದಕರಿಗೆ ನಮಸ್ಕಾರ.

ಜರ್ಮನಿಯ ಫುಟ್‌ಬಾಲ್ ತಂಡ ಲೆವರ್‌ಕುಸೆನ್ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಏನೇ ಬಂದರೂ ಅದು ಅಲ್ಲಿ ಆಡುತ್ತಿದ್ದ ಫ್ಲೋರಿಯನ್ ವಿರ್ಟ್ಸ್ ಬಗ್ಗೆ ಇರುತ್ತದೆ, ಇಲ್ಲವೇ ಕೋಚ್ ಆಗಿದ್ದ ಶಾಬಿ ಅಲೊನ್ಸೊ ಬಗ್ಗೆ. ಬೇಡ ಅನ್ನುತ್ತಿಲ್ಲ, ಇಬ್ಬರೂ ದೊಡ್ಡವರೇ. ಆದರೆ ಅದೇ ತಂಡದ ಮಿಡ್‌ಫೀಲ್ಡರ್ ರಾಬರ್ಟ್ ಆಂಡ್ರಿಶ್ ಹೆಸರು ಎಲ್ಲೋ ಸ್ಕೋರ್ ವಿವರದ ಮೂಲೆಯಲ್ಲಿ ಬಂದು ಹೋಗುತ್ತದೆ, ಅಷ್ಟೇ. ಹದಿನೇಳು ವರ್ಷಕ್ಕೇ ಮಿಂಚಿದ ಹುಡುಗರ ಕಥೆ ಓದಿ ಓದಿ ಸಾಕಾಗಿದೆ. ಇವನದು ಬೇರೆ ಥರದ್ದು.

ಹುಟ್ಟಿದ್ದು 1994ರಲ್ಲಿ, ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್‌ನಲ್ಲಿ. ಆಟ ಕಲಿತದ್ದು ಹೆರ್ಥಾ ಬರ್ಲಿನ್ ಕ್ಲಬ್‌ನಲ್ಲಿ. ಆದರೆ ಅಲ್ಲಿನ ಮುಖ್ಯ ತಂಡದಲ್ಲಿ ಜಾಗ ಸಿಗಲಿಲ್ಲ. 2015ರಲ್ಲಿ ಡ್ರೆಸ್ಡೆನ್, ಮರುವರ್ಷ ವೀಸ್‌ಬಾಡೆನ್, ಎರಡೂ ಆಗ ಮೂರನೇ ದರ್ಜೆ ಲೀಗ್‌ನಲ್ಲಿದ್ದ ತಂಡಗಳು. 2018ರಲ್ಲಿ ಎರಡನೇ ದರ್ಜೆಯ ಹೈಡನ್‌ಹೈಮ್. 2019ರಲ್ಲಿ ಯೂನಿಯನ್ ಬರ್ಲಿನ್. ಆ ಕ್ಲಬ್ಬೇ ಮೊದಲ ಸಲ ಜರ್ಮನಿಯ ಮೊದಲ ದರ್ಜೆ ಲೀಗ್ ಬುಂಡೆಸ್‌ಲಿಗಾಕ್ಕೆ ಬಂದ ವರ್ಷ ಅದು. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಮೇಲಿನ ಲೀಗ್‌ನಲ್ಲಿ ಮೊದಲ ಪಂದ್ಯ ಆಡುವಾಗ ಅವನಿಗೆ 25 ತುಂಬಲು ಸ್ವಲ್ಪವೇ ಬಾಕಿ. ಲೈಪ್‌ಜಿಗ್ ವಿರುದ್ಧದ ಆ ಪಂದ್ಯದಲ್ಲಿ ಯೂನಿಯನ್ 4-0 ಅಂತರದಲ್ಲಿ ಸೋತಿತು ಅನ್ನುವುದೂ ಈ ಕಥೆಯ ಭಾಗವೇ.

ಸಾಧು ಸ್ವಭಾವದ ಆಟಗಾರ ಅಂತೂ ಅಲ್ಲ. 2020ರ ಡಿಸೆಂಬರ್‌ನಲ್ಲಿ ತಾನು ಬೆಳೆದ ಹೆರ್ಥಾ ವಿರುದ್ಧವೇ ಯೂನಿಯನ್ ಪರ ಆಡುತ್ತಾ, ಅರ್ಧ ಗಂಟೆಯೂ ಆಗುವ ಮೊದಲೇ ಕಾಲು ತೀರಾ ಮೇಲೆತ್ತಿ ರೆಡ್ ಕಾರ್ಡ್ ತಗೊಂಡು ಹೊರಗೆ ಹೋದ. ಯೂನಿಯನ್ ಆ ಪಂದ್ಯ ಸೋತಿತು. ಇಂಥವನನ್ನು 2021ರಲ್ಲಿ ಲೆವರ್‌ಕುಸೆನ್ ಕರೆಸಿಕೊಂಡಾಗ ಯಾರಾದರೂ ಹುಬ್ಬೇರಿಸಿದ್ದರೆ ತಪ್ಪೇನಿಲ್ಲ ಬಿಡಿ.

ಆಮೇಲೆ 2023-24ರ ಋತು. ಅದೇ ಮಿಡ್‌ಫೀಲ್ಡ್ ಜಾಗಕ್ಕೆ ಗ್ರಾನಿಟ್ ಜಾಕಾ ಆರ್ಸೆನಲ್‌ನಿಂದ ಬಂದಿದ್ದ, ಪಲಾಸಿಯೋಸ್ ಇದ್ದ, ಹಾಗಾಗಿ ಆಂಡ್ರಿಶ್ ಶುರುವಿನಲ್ಲಿ ಜಾಸ್ತಿ ಬೆಂಚಿನಲ್ಲೇ ಕೂತ. ಏಪ್ರಿಲ್ ಬರುವಷ್ಟರಲ್ಲಿ ಚಿತ್ರವೇ ಬೇರೆ. ಸ್ಟುಟ್‌ಗಾರ್ಟ್ ವಿರುದ್ಧದ ಪಂದ್ಯ ನೋಡಿದವರಿಗೆ ನೆನಪಿರುತ್ತೆ. ಲೆವರ್‌ಕುಸೆನ್ ಎರಡು ಗೋಲು ಹಿಂದಿತ್ತು, ಆಡ್ಲಿ ಒಂದು ತೀರಿಸಿದ. ಹೆಚ್ಚುವರಿ ಸಮಯದ ಆರನೇ ನಿಮಿಷ, ಇನ್ನೇನು ಸೀಟಿ ಊದಬೇಕು. ಬಾಕ್ಸ್‌ನೊಳಗೆ ಕಾಲುಗಳ ಗುಂಪಿನ ನಡುವೆ ಸಿಕ್ಕ ಚೆಂಡನ್ನು ಆಂಡ್ರಿಶ್ ಒಳಗೆ ಬಾರಿಸಿದ, 2-2. ಅದು ಹೋಗದಿದ್ದರೆ ಒಂದೂ ಸೋಲದೆ ಬುಂಡೆಸ್‌ಲಿಗಾ ಮುಗಿಸಿದ ಮೊದಲ ತಂಡ ಅನ್ನುವ ಮಾತೇ ಇರುತ್ತಿರಲಿಲ್ಲ. ನಾಲ್ಕೈದು ದಿನದಲ್ಲಿ ಯುರೋಪಾ ಲೀಗ್ ಸೆಮಿಫೈನಲ್‌ನಲ್ಲಿ ರೋಮಾ ವಿರುದ್ಧ ದೂರದಿಂದ ಇನ್ನೊಂದು.

ಜರ್ಮನಿ ಪರ ಮೊದಲ ಪಂದ್ಯ ಆಡಿದ್ದು 2023ರ ನವೆಂಬರ್‌ನಲ್ಲಿ, 29ನೇ ವಯಸ್ಸಿಗೆ. ಏಳು ತಿಂಗಳಲ್ಲಿ ತವರಿನ ಯೂರೋ ಕಪ್‌ನಲ್ಲಿ ಟೋನಿ ಕ್ರೂಸ್ ಪಕ್ಕದಲ್ಲಿ ನಿಂತಿದ್ದ. ಕ್ರೂಸ್ ನಿರಾಳವಾಗಿ ಪಾಸ್ ಕೊಡಬೇಕಾದರೆ ಯಾರಾದರೂ ಓಡಬೇಕು, ಅಡ್ಡ ಬೀಳಬೇಕು, ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳಬೇಕು. ಆ ಕೆಲಸ ಇವನದು. ಕಾರ್ಡ್‌ನ ಚಾಳಿ ಅಲ್ಲೂ ಬಿಡಲಿಲ್ಲ. ಸ್ಕಾಟ್ಲೆಂಡ್ ವಿರುದ್ಧ ಹಳದಿ ಕಾರ್ಡ್ ಬಿದ್ದ ಮೇಲೆ ಕೋಚ್ ನಾಗೆಲ್ಸ್‌ಮನ್ ವಿರಾಮದಲ್ಲೇ ಬದಲಾಯಿಸಿದರು. ಸ್ವಿಟ್ಜರ್ಲೆಂಡ್ ವಿರುದ್ಧ ದೂರದಿಂದ ಹೊಡೆದ ಚೆಂಡು ಗೋಲ್‌ಕೀಪರ್ ಸೋಮರ್ ಕೈ ತಪ್ಪಿ ಬಲೆ ಸೇರಿತು. ಆದರೆ ಅದಕ್ಕೂ ಮೊದಲು ಮುಸಿಯಾಲ ಫೌಲ್ ಮಾಡಿದ್ದ ಅಂತ ವಿಎಆರ್, ಅಂದರೆ ವೀಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ, ಅದನ್ನು ರದ್ದು ಮಾಡಿತು. ಪಾಪ ಅನಿಸಿತು. ಸ್ಪೇನ್ ವಿರುದ್ಧದ ಕ್ವಾರ್ಟರ್‌ಫೈನಲ್‌ಗೆ ಕೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡು ಬಂದಿದ್ದ, ಪತ್ರಿಕೆಗಳಿಗೆ ಸುದ್ದಿಯಾಗಿದ್ದು ಅದೊಂದೇ ಇರಬೇಕು!

ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಸರಿ. ಆದರೆ ಬರೆಯುವವರೂ ಅದರ ಹಿಂದೆಯೇ ಓಡಬೇಕಾ? 2025ರಲ್ಲಿ ಲೆವರ್‌ಕುಸೆನ್ ಇದೇ ಆಂಡ್ರಿಶ್ ತೋಳಿಗೆ ನಾಯಕನ ಪಟ್ಟಿ ಕಟ್ಟಿತು. ಮುಂದಿನ ಸಲ ಬುಂಡೆಸ್‌ಲಿಗಾ ವರದಿ ಹಾಕುವಾಗ ಗೋಲು ಹೊಡೆದವರ ಜೊತೆಗೆ, ಆ ಚೆಂಡನ್ನು ಮಧ್ಯದಲ್ಲಿ ಕಿತ್ತು ಕೊಟ್ಟವರು ಯಾರು ಅಂತಲೂ ಒಂದು ಸಾಲು ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಖಾಯಂ ಓದುಗ, ಮೈಸೂರು